ಕಬ್ಬಿಣಕ್ಕೆ ಪ್ಲಾಸ್ಟಿಕ್ ಕೂಡಿಸಿದ ಜಾಗ

ಬಂಗಾರಪೇಟೆಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವುದು ಈಗ ನನ್ನ ಕೆಲಸ. ಹಳೇ ಕಬ್ಬಿಣದ ವೈರಿಂಗ್ ಪೈಪಿಗೆ ಪ್ಲಾಸ್ಟಿಕ್ ಪೈಪು ಕೂಡಿಸುವ ಫಿಟ್ಟಿಂಗ್ ಕೊಡಿ ಎಂದು ಯಾರಾದರೂ ಬಂದರೆ ನಾನು ಸುಲಭಕ್ಕೆ ಕೊಡುವವನಲ್ಲ. ಆ ಮನೆಗೆ ಅರ್ಥ್ ಎಲ್ಲಿಂದ ಬರುತ್ತದೆ, ಪೈಪಿನೊಳಗೆ ಎಷ್ಟು ವೈರುಗಳಿವೆ ಎಂದು ಮೊದಲು ಕೇಳುತ್ತೇನೆ. ಗೊತ್ತಿಲ್ಲ ಎಂದವರನ್ನು ಬರಿಗೈಲಿ ಕಳಿಸಿದ್ದೂ ಉಂಟು. 'ಫಿಟ್ಟಿಂಗ್ ಕೇಳಿದ್ರೆ ಜಾತಕ ಕೇಳ್ತಾನೆ' ಎಂದು ವೈರ್‌ಮನ್‌ಗಳು ನಗುತ್ತಾರೆ. ನಗಲಿ. ಎಂಟು ವರ್ಷದ ಹಿಂದೆ ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ನನ್ನ ಅಕ್ಕ ಬದುಕಿರುತ್ತಿದ್ದಳು.

ಆಗ ನಾನೂ ವೈರ್‌ಮನ್ನೇ. ಅಕ್ಕ, ಭಾವ ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಯಲ್ಲಿದ್ದರು. ಭಾವ ಗಣಿಯಲ್ಲಿ ಕರೆಂಟಿನ ಕೆಲಸ ಮಾಡಿದವರು. ಗಣಿ ಧೂಳು ಎದೆಯಲ್ಲಿ ಕೂತು, ಎರಡು ಮೆಟ್ಟಿಲು ಹತ್ತಿದರೂ ಏದುಸಿರು. ಅಡುಗೆಮನೆಯ ಗೋಡೆಯ ಮೇಲಿದ್ದ ಬ್ರಿಟಿಷರ ಕಾಲದ ಕಬ್ಬಿಣದ ಪೈಪು ಒಂದು ಮಾರಿನಷ್ಟು ತುಕ್ಕು ಹಿಡಿದು ಹಿಟ್ಟಿನೊಳಕ್ಕೆ ಉದುರುತ್ತಿತ್ತು. ಅಷ್ಟನ್ನು ಮಾತ್ರ ತೆಗೆದು ಪ್ಲಾಸ್ಟಿಕ್ ಹಾಕು ಎಂದಳು ಅಕ್ಕ.

ಹೇಳುವುದು ಸುಲಭ. ಹಳೇ ಪೈಪು ಇಂಚಿನ ಲೆಕ್ಕದ್ದು, ಹೊಸದು ಮಿಲಿಮೀಟರಿನದು. ಮುಕ್ಕಾಲಿಂಚಿನ ಪೈಪಿಗೆ ಇಪ್ಪತ್ತು ಮಿಲಿಮೀಟರಿನ ಕಪ್ಲರ್, ಅಂದರೆ ಕೂಡಿಸುವ ತುಂಡು, ಹಾಕಿದರೆ ಗಡಗಡ ಅಲ್ಲಾಡುತ್ತದೆ. ನೀರಿನ ಪೈಪಿನ ಸಾಕೆಟ್ಟು ತೀರಾ ದೊಡ್ಡದು. ಎಷ್ಟೋ ಜನ ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅಂಥ ಕೆಲಸ ಕಂಡರೆ ಮೈಯೆಲ್ಲಾ ಉರಿಯುತ್ತಿತ್ತು. ಉರಿಗಾಂನ ಗುಜರಿ ಅಂಗಡಿಯಲ್ಲಿ ಅರ್ಧ ದಿನ ತಡಕಾಡಿ ಅದೇ ಕಾಲದ ಎರಡು ಕಬ್ಬಿಣದ ಕಪ್ಲರ್ ಹುಡುಕಿದೆ. ಕತ್ತರಿಸಿದ ತುದಿಗಳಿಗೆ ಭಾವನ ಹಳೇ ಡೈಯಿಂದ ಥ್ರೆಡ್ ಎಳೆದು ಅವನ್ನು ತಿರುಗಿಸಿದೆ. ಪ್ಲಾಸ್ಟಿಕ್ ಅಡಾಪ್ಟರಿನ ಥ್ರೆಡ್ಡನ್ನು ಅರದಲ್ಲಿ ಸವರಿ ಸವರಿ ಆ ಕಪ್ಲರಿನೊಳಕ್ಕೆ ಕೂರಿಸಿದೆ. ಅಳತೆ ತೆಗೆದು ಎರಕ ಹೊಯ್ದಂತೆ ಕೂತಿತು.

ಭಾವ ಕೆಳಗೆ ಏಣಿ ಹಿಡಿದು ನಿಂತಿದ್ದರು. "ಒಳ್ಳೆ ಕೆಲ್ಸ ಕಣ್ಲಾ. ಗಣಿಯಾಗೆ ಇದ್ದಿದ್ರೆ ನಿನ್ನ ಮೇಸ್ತ್ರಿ ಮಾಡ್ಬಿಡೋರು" ಅಂದರು. ಬಲ್ಬು ಉರಿಯಿತು. ಅಕ್ಕ ಮುದ್ದೆ, ಹುರುಳಿಸಾರು ಬಡಿಸಿದಳು. ಹೊಟ್ಟೆ ತುಂಬ ಉಂಡು ಬಂದೆ.

ಆ ಮನೆಗಳಲ್ಲಿ ಪೈಪಿನೊಳಗೆ ಎರಡೇ ವೈರು. ಅರ್ಥಿಗೆಂದು ಮೂರನೆಯದು ಇರಲಿಲ್ಲ, ಕಬ್ಬಿಣದ ಪೈಪೇ ಅರ್ಥ್, ಪ್ಲಗ್ಗಿನ ಮೂರನೇ ಪಿನ್ನನ್ನೂ ಅದಕ್ಕೇ ಕೂಡಿಸಿರುತ್ತಿದ್ದರು. ಸೋರಿದ ಕರೆಂಟು ಪೈಪು ಹಿಡಿದು ಸೀದಾ ಮಣ್ಣಿಗೆ ಇಳಿಯುತ್ತಿತ್ತು. ನಡುವೆ ಒಂದು ಮಾರು ಪ್ಲಾಸ್ಟಿಕ್ ಹಾಕಿ ನಾನು ಆ ದಾರಿಯನ್ನೇ ಕಡಿದಿದ್ದೆ. ಎರಡು ಕಬ್ಬಿಣದ ತುದಿಗಳಿಗೂ ಕ್ಲಾಂಪು ಹಾಕಿ ಅರ್ಥಿನ ಒಂದು ಹಸಿರು ವೈರು ಎಳೆದಿದ್ದರೆ ಸಾಕಿತ್ತು. ಲೈನಿನಲ್ಲೇ ಹುಟ್ಟಿ ಬೆಳೆದವನು ನಾನು, ನನಗೆ ಇದು ಗೊತ್ತಿತ್ತು. ಫಿಟ್ಟಿಂಗಿನ ಅಂದ ನೋಡುತ್ತಾ ಮರೆತೆ.

ಮೂರು ತಿಂಗಳಿಗೆ ಅಕ್ಕನ ಮಗಳು, ಆಗಷ್ಟೇ ಫ್ಯಾಕ್ಟರಿ ಸೇರಿದ್ದವಳು, ಅಮ್ಮನಿಗೆ ರುಬ್ಬುವ ಗ್ರೈಂಡರ್ ತಂದುಕೊಟ್ಟಳು. ಒಂದು ಬೆಳಿಗ್ಗೆ ಅಕ್ಕ ಒದ್ದೆ ಕೈಯಲ್ಲಿ ಅದನ್ನು ಮುಟ್ಟಿದಳು. ಮಗಳು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಳಗೆ ಯಾವುದೋ ವೈರು ಕಿತ್ತು ಗ್ರೈಂಡರಿನ ಲೋಹದ ಮೈಗೆ ತಗುಲಿತ್ತು. ಗ್ರೈಂಡರೇ ಅಕ್ಕನನ್ನು ಕೊಂದಿತು ಎಂದರು ಎಲ್ಲರೂ. "ನಾನೇ ತಂದಿದ್ದು, ನಾನೇ ತಂದಿದ್ದು" ಎಂದು ಆ ಹುಡುಗಿ ತಲೆ ಚಚ್ಚಿಕೊಂಡಳು. ನಾನು ಗೋಡೆಯ ಮೇಲಿನ ನನ್ನ ಕೆಲಸ ನೋಡುತ್ತಾ ನಿಂತಿದ್ದೆ. ಆಗಲೇ ಅರ್ಥವಾಯಿತು. ಬಾಯಿ ಬಿಡಲಿಲ್ಲ. ಹೆದರಿಕೆ, ಇನ್ನೇನೂ ಅಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮೊದಲು, ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ ಆ ಹಸಿರು ವೈರು ಎಳೆದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕೆಲಸ. ಆಮೇಲೆ ಏಣಿ ಹತ್ತಲಾಗಲಿಲ್ಲ, ಅಂಗಡಿ ಸೇರಿದೆ. ಭಾವನ ಮನೆಗೆ ಹೋಗುವುದನ್ನೂ ಬಿಟ್ಟೆ. ಅವರೂ ಕರೆಯಲಿಲ್ಲ.

ಹುಡುಗಿಯನ್ನು ಬೇತಮಂಗಲಕ್ಕೆ ಮದುವೆ ಮಾಡಿ ಕೊಟ್ಟರು. ಹೋದ ತಿಂಗಳು ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿದ್ದೆ. ಮನೆಯಲ್ಲಿ ಮಿಕ್ಸಿಯಿಲ್ಲ, ಗ್ರೈಂಡರಿಲ್ಲ. ಕಲ್ಲಿನಲ್ಲಿ ರುಬ್ಬುತ್ತಿದ್ದಳು. ನಾಲ್ಕು ವರ್ಷದ ಅವಳ ಮಗಳು ಫ್ಯಾನಿನ ಸ್ವಿಚ್ಚಿಗೆ ಕೈಚಾಚಿದ್ದೇ ತಡ, ಎದ್ದು ಹೋಗಿ ಛಟೀರನೆ ಹೊಡೆದಳು. ಮಗು ಉಸಿರು ಕಟ್ಟಿ ಅತ್ತಿತು. ಅವಳೂ ಕೂತು ಅಳತೊಡಗಿದಳು. "ನನ್ನ ಕೈ ಒಳ್ಳೇದಲ್ಲ ಮಾವ" ಅಂದಳು. ಅಲ್ಲಿ ಕಾಫಿ ಕುಡಿಯಲೂ ನನ್ನಿಂದಾಗಲಿಲ್ಲ.

ಮರುದಿನ ಭಾವನ ಎದುರು ಕೂತು ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋಗಿದ್ದೆ.

"ನಂಗೊತ್ತು" ಅಂದರು ಭಾವ. ಕೆಮ್ಮು ನಿಲ್ಲುವವರೆಗೆ ಕಾದೆ. "ಇಪ್ಪತ್ತು ವರ್ಸ ಗಣಿಯಾಗೆ ಅದೇ ಕೆಲ್ಸ ಮಾಡ್ದೋನು. ಏಣಿ ಇಡ್ಕಂಡು ನೋಡ್ತಾ ನಿಂತಿದ್ದೆ, ನಂಗೂ ಒಳೀಲಿಲ್ಲ. ಆ ಅಸಿರು ವೈರು ನೋಡಿದ್ ದಿನ ಒಳೀತು. ನಿನ್ನ ಕೇಳಿದ್ರೆ ನಂದೂ ಒಪ್ಕಬೇಕಲ್ಲ. ಅದುಕ್ಕೇ ಸುಮ್ನಿದ್ದೆ ಕಣ್ಲಾ."

ನನ್ನ ಎದೆಯ ಭಾರ ಇಳಿಯಿತು ಎಂದರೆ ಸುಳ್ಳಲ್ಲ. ಆದರೆ ಆ ಹಗುರಕ್ಕೇ ನಾಚಿಕೆಯಾಯಿತು. ನಾವಿಬ್ಬರು ಗಂಡಸರು ಹೊರಬೇಕಾದ್ದನ್ನು ಆ ಹುಡುಗಿಯ ತಲೆಯ ಮೇಲಿಟ್ಟು ಕೂತಿದ್ದೆವು. ಅಂದೇ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬೇತಮಂಗಲಕ್ಕೆ ಹೊರಟೆವು.

ಹೇಳಿದ್ದು ನಾನು. ಭಾವ ನಡುನಡುವೆ ಹೂಂ ಅನ್ನುತ್ತಿದ್ದರು. ತಪ್ಪು ಗ್ರೈಂಡರಿನದಲ್ಲ, ನಿನ್ನದಂತೂ ಅಲ್ಲವೇ ಅಲ್ಲ ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದಳು.

"ನನ್ ಮದ್ವೆ ದಿನಾನೂ ನಿಮ್ಮಿಬ್ರಿಗೂ ಗೊತ್ತಿತ್ತಾ?" ಎಂದು ಕೇಳಿದಳು.

ಗೊತ್ತಿತ್ತು ಕಣಮ್ಮ ಎಂದೆ.