ಕೊಳವೆ ಹೆಣೆಯುವ ಎಕ್ವಾರು

ಎಕ್ವಾರು ಎಂಥವನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ನಮ್ಮ ಆರೋಗ್ಯ ಕೇಂದ್ರದ ಗೇಟಿನ ಹೊರಗೆ, ಮಾವಿನ ಮರದ ಕೆಳಗೆ ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಅಂಗಿಯ ಜೇಬಿನಲ್ಲಿ ಹುರಿದ ಕಡಲೆಕಾಯಿ ಬೀಜ, ಅದೇ ಜೇಬಿನಲ್ಲಿ ಸೈಕಲ್ ಚಕ್ರದ ಬಾಲ್ಸು. ಯಾವುದೋ ಯೋಚನೆಯಲ್ಲಿ ಕೈಗೆ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುವುದು, ಕಟ್ಟೆಂದು ಸದ್ದಾದರೆ ಉಗಿದು, ಒರೆಸಿ, ಮತ್ತೆ ಅದೇ ಜೇಬಿಗೆ ಇಳಿಬಿಡುವುದು. ಹೀಗೇ ಒಂದು ಸಲ ಹಲ್ಲು ಮುರಿದುಕೊಂಡು ನನ್ನ ಹತ್ತಿರ ಬಂದಿದ್ದ. "ನಾನು ಹೆರಿಗೆ ಮಾಡಿಸೋಳು ಕಣೋ, ಹಲ್ಲು ಕೀಳೋಳಲ್ಲ! ಹೋಗು!" ಎಂದು ಅಟ್ಟಿದ್ದೆ. ಹೋಗಲಿಲ್ಲ. ನನ್ನ ಸ್ಟೆರಿಲೈಸರಿನ ಮುಚ್ಚಳದಿಂದ ಹಬೆ ಯಾಕೆ ಸೋರುತ್ತಿದೆ ಎಂದು ಅರ್ಧ ಗಂಟೆ ನೋಡುತ್ತ ನಿಂತು, ಸರಿ ಮಾಡಿಕೊಟ್ಟೇ ಹೋದ.

ಸುತ್ತಲ ಹತ್ತೂರಿನಲ್ಲಿ ಅವನಿಗೆ ಹೆಸರಿದ್ದದ್ದು ಸೈಕಲ್ಲಿನಿಂದಲ್ಲ, ಕೊಳವೆಯಿಂದ. ನಮ್ಮ ಈ ಟೇಸೊ ಸೀಮೆಯಲ್ಲಿ ರಾಗಿ ಹೆಂಡ ಎಂದರೆ ನಡುವೆ ಒಂದು ಮಡಿಕೆ, ಸುತ್ತ ಕೂತವರ ಕೈಯಲ್ಲಿ ಒಂದೊಂದು ಮಾರುದ್ದದ ಕೊಳವೆ. ತುದಿಗೆ ಸಣ್ಣ ಜಾಲರಿ ಹೆಣೆದಿರದಿದ್ದರೆ ರಾಗಿಯ ಚರಟವೆಲ್ಲ ಬಾಯಿಗೇ ಬರುತ್ತದೆ. ಆ ಜಾಲರಿಯನ್ನು ಎಕ್ವಾರು ಹೆಣೆದಂತೆ ಯಾರೂ ಹೆಣೆಯುತ್ತಿರಲಿಲ್ಲ. ಅವನು ಕುಡಿಯುತ್ತಿದ್ದದ್ದೂ ಕಡಿಮೆ. ಕಣ್ಣು ಮುಚ್ಚಿ ಕೂತು ಪಕ್ಕದವರ ಕೊಳವೆಯ ಸದ್ದು ಕೇಳುವುದೇ ಅವನ ಸುಖ. "ದೊಡ್ಡಪ್ಪಾ, ನಿಮ್ಮದು ಕಟ್ಕೋತಿದೆ, ತೆಗೆದು ಒಂದ್ಸಲ ಕೊಡವಿ" ಎನ್ನುವನು. ದೊಡ್ಡಪ್ಪನಿಗೇ ಅದು ಇನ್ನೂ ಗೊತ್ತಾಗಿರುತ್ತಿರಲಿಲ್ಲ.

ಅವನ ಹೆಂಡತಿ ಅಮೊಂಗಿನ್ ಬಾಯಿಬಡುಕಿ. ಇವನು ದಿನಕ್ಕೆ ಹತ್ತು ಮಾತಾಡಿದರೆ ಅವಳು ಉಳಿದದ್ದನ್ನೆಲ್ಲ ಆಡಿ ಮುಗಿಸುತ್ತಿದ್ದಳು. ಮೊದಲ ಹೆರಿಗೆಗೆ ಅವಳು ನಮ್ಮಲ್ಲಿಗೆ ಬಂದದ್ದು ಒಂದು ಸುಡು ಮಧ್ಯಾಹ್ನ. ಬೆಳಗಿನಿಂದ ಕರೆಂಟಿರಲಿಲ್ಲ. ಸಕ್ಷನ್ ಮಿಷನ್ ಮೂಲೆಯಲ್ಲಿ ದಂಡಕ್ಕೆ ಕೂತಿತ್ತು. ಗಂಟಲು ಶುದ್ಧ ಮಾಡುವ ರಬ್ಬರ್ ಬುರುಡೆ ಬಿರುಕು ಬಿಟ್ಟು ಎರಡು ತಿಂಗಳಾಗಿತ್ತು, ಬರೆದ ಕಾಗದಗಳಿಗೆ ಉತ್ತರವೇ ಇರಲಿಲ್ಲ. ಕೂಸು ಹೊಟ್ಟೆಯೊಳಗೇ ಕಕ್ಕ ಮಾಡಿಕೊಂಡು ಆ ನೀರನ್ನು ಗಂಟಲಿಗೆ ಎಳೆದುಕೊಂಡಿತ್ತು. ಬೆರಳಿಗೆ ಬಟ್ಟೆ ಸುತ್ತಿ ತೆಗೆದೆ, ಬೋರಲು ಹಾಕಿ ಬೆನ್ನು ತಟ್ಟಿದೆ, ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಗಂಡು ಕೂಸು, ತಲೆ ತುಂಬ ಕೂದಲು. ಒಂದು ಸಲವೂ ಅಳಲಿಲ್ಲ.

ಹೊರಗೆ ಬಂದು ಎಕ್ವಾರುವಿಗೆ ಹೇಳಿದೆ. ಅವನು ಅಳಲೂ ಇಲ್ಲ, ಕೂಗಾಡಲೂ ಇಲ್ಲ. ನೆಲ ನೋಡುತ್ತ ಕೇಳಿದ: "ಗಂಟಲಲ್ಲಿದ್ದದ್ದು ಎಷ್ಟು ಮಂದ ಇತ್ತು ಸಿಸ್ಟರ್?"

ನನಗೆ ಮೈಯೆಲ್ಲ ಉರಿದುಹೋಯಿತು. "ಕೂಸು ಹೋಗಿದೆ, ಮಂದ ತೆಳು ಅಂತ ಕೇಳ್ತೀಯಲ್ಲೋ! ನೀನೇನು ಮನುಷ್ಯನೇನೋ?"

"ಗಂಜಿ ಥರನಾ, ಹೆಂಡದ ಚರಟದ ಥರನಾ?" ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸಿದ.

"ಗಂಜಿ ಥರ. ನಡುನಡುವೆ ಚರಟ" ಎಂದೆ. ತಲೆಯಾಡಿಸಿ ಹೋದ.

ಹೆಸರಿಡುವ ಮೊದಲೇ ಹೋದ ಕೂಸಿಗೆ ನಮ್ಮ ಊರಲ್ಲಿ ಯಾರೂ ಮಡಿಕೆ ಇಟ್ಟು ಸೂತಕಕ್ಕೆ ಕೂರುವುದಿಲ್ಲ. ಅವನ ಮುದಿ ತಾಯಿ ಗುಡಿಸಲ ಹಿಂದೆ ಮಣ್ಣು ಮಾಡಿ, "ಹೆಸರಿಲ್ಲದ್ದಕ್ಕೆ ಅಳಬಾರ್ದು ಮಗಾ, ಮುಂದಿಂದು ನೋಡು" ಎಂದಳಂತೆ. ಅವನು ತಾಯಿಯ ಮಾತು ಮೀರುವವನಲ್ಲ. ಆದರೆ ಕೆಲವು ದಿನ ಬಿಟ್ಟು ನನ್ನ ಹತ್ತಿರ ಬಿಸಾಕುವ ಡ್ರಿಪ್ ಪೈಪು ಕೇಳಲು ಬಂದವನು, ಪೈಪು ಸುತ್ತುತ್ತಲೇ ಹೇಳಿದ: "ಮನೇಲಿ 'ಅದು' ಅಂತೀವಿ ಸಿಸ್ಟರ್. ಅದು ಹುಟ್ಟಿದ ದಿನ, ಅದು ಹೋದ ದಿನ. ಕರೆಯೋಕೆ ಒಂದು ಹೆಸರೂ ಇಲ್ಲ."

ಇನ್ನೂ ಎರಡು ಪೈಪು ತಂದುಕೊಟ್ಟೆ.

ಕೆಲವು ತಿಂಗಳಲ್ಲಿ ಅಮೊಂಗಿನ್ ಮತ್ತೆ ಬಸುರಾದಳು. ಅಲ್ಲಿಂದ ಶುರುವಾಯಿತು ನೋಡಿ ಇವನ ಹುಚ್ಚು. ಸೈಕಲ್ ರಿಪೇರಿಗೆ ಬಂದವರು ಬೈದುಕೊಂಡು ವಾಪಸು ಹೋಗುತ್ತಿದ್ದರು. ಇವನು ಗಾಳಿ ಹೊಡೆಯುವ ಪಂಪನ್ನು ಬಿಚ್ಚಿ, ಒಳಗಿನ ವಾಷರನ್ನು ತಿರುಗಿಸಿ ಹಾಕಿ, ಗಾಳಿ ಬಿಡುವ ಪಂಪನ್ನು ಗಾಳಿ ಎಳೆಯುವ ಪಂಪು ಮಾಡಿದ. ಕಾಲಲ್ಲಿ ತುಳಿಯುವ ಹಾಗೆ ಹಲಗೆ ಕೂರಿಸಿದ. ಎಳೆದದ್ದು ಬೀಳಲು ಜಾಮಿನ ಗಾಜಿನ ಬಾಟಲಿ. ಬಾಟಲಿಯಿಂದ ಪಂಪಿಗೆ ಗಲೀಜು ಹೋಗದಂತೆ ನಡುವೆ ತನ್ನ ಜಾಲರಿ. ಬೆಂಡೆಕಾಯಿ ಜಜ್ಜಿ ಲೋಳೆ ಮಾಡಿ, ಅದಕ್ಕೆ ಹೆಂಡದ ಚರಟ ಬೆರೆಸಿ ಎಳೆದೆಳೆದು ನೋಡುತ್ತಿದ್ದ.

ಒಂದು ದಿನ ಅವನ ಕೆನ್ನೆ ಬೂದುಗುಂಬಳದ ಹಾಗೆ ಊದಿಕೊಂಡಿತ್ತು. ಮರದ ಕೆಳಗಿನವರೆಲ್ಲ, "ಅಮೊಂಗಿನ್ ಬಾಯಲ್ಲಿ ಬೈಯೋದು ಬಿಟ್ಟು ಕೈಗೆ ಕೆಲಸ ಕೊಟ್ಳಾ?" ಎಂದು ನಕ್ಕರು. ಪಂಪು ಎಷ್ಟು ಜೋರಾಗಿ ಎಳೆಯುತ್ತದೆ ಎಂದು ತನ್ನ ಬಾಯಿಗೇ ಇಟ್ಟು ನೋಡಿಕೊಂಡಿದ್ದ ಮಹಾಶಯ! "ನನಗೇ ಇಷ್ಟಾದ್ರೆ ಕೂಸಿನ ಬಾಯಿಗೆ ಏನಾಗ್ಬೇಡ ಸಿಸ್ಟರ್" ಎಂದು ತೊದಲಿದ. ಪೈಪಿನಲ್ಲಿ ಒಂದು ತೂತು ಕೊರೆದ. ಹೆಬ್ಬೆರಳಿಂದ ಮುಚ್ಚಿದರೆ ಎಳೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಇಷ್ಟೆಲ್ಲ ಮಾಡುತ್ತಿದ್ದದ್ದು ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಅವನು ಬಾಯಿ ಬಿಟ್ಟು ಹೇಳಿದ್ದು ಒಂದೇ ಸಲ: "ಹೆಸರಿಡೋವರೆಗಾದ್ರೂ ಇದರ ಉಸಿರು ಉಳೀಬೇಕು."

ಉಳಿದದ್ದು ಒಂದೇ ತೊಂದರೆ. ಚರಟ ಪೈಪಿನಲ್ಲಿ ಸಿಕ್ಕಿಕೊಂಡರೆ ಎಳೆದಷ್ಟೂ ಬಿಗಿಯುತ್ತಿತ್ತು. ಅದಕ್ಕೂ ದಾರಿ ಹುಡುಕಿದ. ಸೈಕಲ್ ಹಾರನ್ನಿನ ರಬ್ಬರ್ ಬುರುಡೆಯನ್ನು ಪೈಪಿನ ಪಕ್ಕಕ್ಕೆ ಜೋಡಿಸಿದ. ಕಟ್ಟಿಕೊಂಡಾಗ ಪೈಪನ್ನು ಕೂಸಿನ ಬಾಯಿಂದ ತೆಗೆದು ಬೋಗುಣಿಗೆ ಇಟ್ಟು ಬುರುಡೆ ಅಮುಕಿದರೆ, ಗಾಳಿ ನುಗ್ಗಿ ಚರಟ ಹೊರಗೆ. ನನ್ನ ಮುಂದೆ ಮಾಡಿ ತೋರಿಸಿದಾಗ ನನಗೆ ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. "ಪರವಾಗಿಲ್ಲ" ಎಂದೆ.

ಮಾರನೆಯ ದಿನ ನಮ್ಮ ನರ್ಸ್ ಅಲುಪೊಳನ್ನು ಕರೆದು ಕಲಿಸಲು ಕೂತೆವು. ಈ ಪುಣ್ಯಾತ್ಮ ಲೋಳೆ ತುಂಬಿಸಿ ತಂದದ್ದು ಯಾವುದರಲ್ಲಿ ಅಂತೀರಿ? ಅತ್ತೆಮನೆಯಿಂದ ಹೆಂಡತಿಯ ಕೈಲಿ ತರಿಸಿದ ಹೆಂಡದ ಮಡಿಕೆಯಲ್ಲಿ! ಅಲುಪೊ ಪಂಪು ತುಳಿದಳು, ಹೆಬ್ಬೆರಳು ಇಟ್ಟಳು, ಎಲ್ಲ ಸರಿ. ಪೈಪು ಕಟ್ಟಿಕೊಂಡಿತು. "ಬುರುಡೆ ಅಮುಕು" ಎಂದೆ. ಕೈ ಬುರುಡೆಯ ಹತ್ತಿರ ಹೋಯಿತು, ನಿಂತಿತು.

"ಅಮುಕೇ!"

"ಗುಳುಗುಳು ಅನ್ನತ್ತೆ ಸಿಸ್ಟರ್" ಎಂದಳು, ನಾಚಿ ಮುಖ ತಿರುಗಿಸಿಕೊಂಡು.

ನಮ್ಮಲ್ಲಿ ನಾಕು ಜನ ಕೂತ ಮಡಿಕೆಗೆ ಕೊಳವೆಯಿಂದ ಊದಿ ಗುಳ್ಳೆ ಎಬ್ಬಿಸುವುದೆಂದರೆ ಮಡಿಕೆ ಇಟ್ಟವರ ಮುಖಕ್ಕೆ ಉಗಿದಂತೆ. ನಡೆಯಲು ಕಲಿಯುವ ಮೊದಲೇ ಏಟು ತಿಂದು ಕಲಿತದ್ದು ಅದು. ಊದಿದವನು ಕೋಳಿ ತಂದುಕೊಟ್ಟು ಕಾಲು ಹಿಡಿಯಬೇಕು. "ಇದು ಹೆಂಡ ಅಲ್ಲ ಕಣೇ, ಬೆಂಡೆಕಾಯಿ! ಓದಿದೋಳು ನೀನು!" ಎಂದು ಕಿರುಚಿದೆ. ಎಕ್ವಾರು ತಲೆ ತಗ್ಗಿಸಿ ನಿಂತಿದ್ದ. ಅವನೂ ಮನೆಯಲ್ಲಿ ಬೋಗುಣಿಯಲ್ಲಿ ಮಾತ್ರ ಮಾಡಿ ನೋಡಿದ್ದನಂತೆ. ಮಡಿಕೆಯ ಮುಂದೆ ಅವನ ಕೈಯೂ ಏಳಲಿಲ್ಲ.

ಮಡಿಕೆ ಹಿಂದಕ್ಕೆ ಕಳಿಸಿದೆ. ಬಿಳಿ ಬೋಗುಣಿ ಇಟ್ಟು ದಿನಾ ಬೆಳಿಗ್ಗೆ ಅಲುಪೊಳಿಂದ ಅಮುಕಿಸಿದೆ. ಮೊದಮೊದಲು ಕಣ್ಣು ಮುಚ್ಚಿ, ಆಮೇಲೆ ನಗುತ್ತ, ಹತ್ತು ದಿನದಲ್ಲಿ ಕಲಿತಳು. ನಾನು ಪಕ್ಕದಲ್ಲಿ ನಿಂತು "ಜೋರಾಗಿ! ಇನ್ನೂ ಜೋರಾಗಿ!" ಎನ್ನುತ್ತಿದ್ದೆ. ನನ್ನ ಕೈಯಾರೆ ಒಂದು ಸಲವೂ ಅಮುಕಲಿಲ್ಲ. ಯಾರೂ ಗಮನಿಸಲಿಲ್ಲ, ನಾನೂ ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಅಮೊಂಗಿನ್‌ಳ ನೋವು ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಅಲುಪೊ ಲಸಿಕೆ ಹಾಕಲು ಶಾಲೆಗೆ ಹೋಗಿದ್ದಳು. ಅಮೊಂಗಿನ್ ಜೊತೆಗೆ ಬಂದವಳು ಅವಳ ತಾಯಿ ಅಕುರುತ್. ಹೆಂಡ ಮಾಡುವುದರಲ್ಲಿ ಎತ್ತಿದ ಕೈ, ಮಡಿಕೆಯ ಶಿಸ್ತಿನಲ್ಲಿ ಹುಲಿ. ತನ್ನ ಅಂಗಳದಲ್ಲಿ ಎಡಗೈಲಿ ಕೊಳವೆ ಹಿಡಿದವನನ್ನೂ ಎಬ್ಬಿಸಿ ಕಳಿಸಿದ ಹೆಂಗಸು. ನಮ್ಮಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಹಾಗಾಗಿ ಅವಳು ಒಳಗಿರುವಷ್ಟು ಹೊತ್ತು ಎಕ್ವಾರು ಕಿಟಕಿಯ ಹೊರಗೆ, ಗೋಡೆಗೆ ಬೆನ್ನು ಕೊಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ.

ನೀರು ಹಸಿರಾಗಿ ಬಂತು. ಇದೂ ಒಳಗೇ ಕಕ್ಕ ಮಾಡಿಕೊಂಡಿತ್ತು; ಪಂಪನ್ನು ಕಾಲ ಬಳಿಗೆ ಎಳೆದುಕೊಂಡೆ. ಕೂಸು ಬಂತು, ಗಂಡು, ನೀಲಿ, ಜೋಲುಬಿದ್ದ ಕೈಕಾಲು. ಪೈಪು ಬಾಯಿಗಿಟ್ಟೆ, ತುಳಿದೆ. ಎಳೆಯಿತು! ಬಾಟಲಿಗೆ ಗಂಜಿಯಂಥದ್ದು ಬಿತ್ತು. ಮತ್ತೆ ತುಳಿದೆ. ನಾಲ್ಕನೇ ತುಳಿತಕ್ಕೆ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ಕಿಟಕಿಯ ಹೊರಗಿಂದ ಕೂಗು ಬಂತು:

"ಸಿಸ್ಟರ್, ಕಟ್ಕೊಂಡಿದೆ! ತೆಗೀರಿ, ಅಮುಕಿ!"

ತೆಗೆದೆ. ಬೋಗುಣಿಗಿಟ್ಟೆ. ಬುರುಡೆಗೆ ಕೈ ಹಾಕಿದೆ. ನನ್ನ ಕೈ, ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದ ಕೈ, ಅಲ್ಲೇ ನಿಂತುಬಿಟ್ಟಿತು. ಎದುರಿಗೆ ಮಡಿಕೆಯ ಒಡತಿ ಅಕುರುತ್ ನಿಂತಿದ್ದಾಳೆ. ಎಷ್ಟು ಹೊತ್ತು? ಎರಡು ಉಸಿರಿನಷ್ಟು ಇದ್ದೀತು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

"ಯಾರ ಮುಖ ನೋಡ್ತಿದೀಯೇ ಸಿಸ್ಟರು?" ಎಂದಳು ಅಕುರುತ್. "ಕೂಸಿನ ಮುಖ ನೋಡು!" ಎಂದವಳೇ ನನ್ನ ಕೈ ತಳ್ಳಿ, ಎರಡೂ ಕೈಯಲ್ಲಿ ಬುರುಡೆಯನ್ನು ಹಿಂಡಿದಳು. ಬೋಗುಣಿ ಗುಳುಗುಳು ಎಂದು ಉಕ್ಕಿತು. ಮತ್ತೆ ಹಿಂಡಿದಳು. ಚರಟದ ಗಂಟು ಹಾರಿ ಬಿತ್ತು. ನಾನು ಪೈಪು ಕಿತ್ತುಕೊಂಡು ಕೂಸಿನ ಬಾಯಿಗಿಟ್ಟು ತುಳಿದೆ, ತುಳಿದೆ. ಗಂಟಲು ಖಾಲಿಯಾಯಿತು. ಬೆನ್ನುಜ್ಜಿದೆ. ಕೂಸು ಮೂಗು ಸುಕ್ಕಿಸಿತು, ಕೆಮ್ಮಿತು, ಆಮೇಲೆ ಅತ್ತಿತು ನೋಡಿ, ಗೇಟಿನ ಹೊರಗಿನವರೆಲ್ಲ ಎದ್ದು ನಿಲ್ಲುವಂತೆ.

ಕಿಟಕಿಯ ಹೊರಗೆ ಇಣುಕಿದೆ. ಎಕ್ವಾರು ರಸ್ತೆಗೆ ಮುಖ ಮಾಡಿಕೊಂಡೇ ಇದ್ದ. ಗೋಡೆಗುಂಟ ಜಾರಿ ಕುಕ್ಕರುಗಾಲಲ್ಲಿ ಕೂತಿದ್ದ, ಎರಡೂ ಕೈ ತಲೆಯ ಮೇಲೆ. "ಗಂಡು ಕಣೋ" ಎಂದೆ. "ಮಿಷನ್ ಹೇಗಿತ್ತು?" ಎಂದು ಕೇಳಿದ. ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು, ಅಷ್ಟು ಪ್ರೀತಿ ಬಂದಿತ್ತು ಅವನ ಮೇಲೆ.

ಹೊಕ್ಕುಳು ಬಿದ್ದ ಮೇಲೆ ಹೆಸರಿಡಲು ನನ್ನನ್ನೂ ಕರೆದರು. ಕೂಸಿನ ಅಜ್ಜಿ, ಎಂದರೆ ಎಕ್ವಾರುವಿನ ತಾಯಿ, ಹೆಂಡದಲ್ಲಿ ಬೆರಳದ್ದಿ ಕೂಸಿನ ತುಟಿಗಿಟ್ಟು ಹಿರಿಯರ ಹೆಸರು ಒಂದೊಂದಾಗಿ ಹೇಳಬೇಕು. ಯಾವ ಹೆಸರಿಗೆ ಚೀಪುತ್ತದೋ ಆ ಹೆಸರು ಅದರದ್ದು. ತೀರಿಹೋದ ತನ್ನ ಗಂಡನ ಹೆಸರೇ ಬರುತ್ತದೆಂದು ಮುದುಕಿ ತಿಂಗಳಿಂದ ಹೇಳಿಕೊಂಡು ತಿರುಗಿದ್ದಳು.

"ಎಜೋಕು" ಎಂದಳು. ಕೂಸು ತುಟಿ ಬಿಗಿದು ಮುಖ ತಿರುಗಿಸಿತು. ಮತ್ತೆ ಅದ್ದಿ, ಮತ್ತೆ "ಎಜೋಕು". ಊಹೂಂ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುದುಕಿ ಮುಖ ಗಂಟಿಕ್ಕಿಕೊಂಡು, "ಒಮೋದಿಂಗ್" ಎಂದಳು. ಕೂಸು ಬೆರಳು ಕಚ್ಚಿಕೊಂಡು ಚಪ್ ಚಪ್ ಎಂದು ಚೀಪತೊಡಗಿತು. ಅಂಗಳವೆಲ್ಲ ಉಲುಲು ಎಂದು ಹರ್ಷದ ಕೂಗು ಹಾಕಿತು.

"ತಾತನ ಹೆಸರು ಬೇಡ್ವಂತೆ! ಸೊಕ್ಕು ನೋಡು ಇವನದ್ದು" ಎಂದು ಮುದುಕಿ ಕೊಸರಿಕೊಂಡಳು.

ಎಕ್ವಾರು ಮಂಡಿಯೂರಿ ಕೂಸಿನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡಿದ್ದ. ತಲೆಯೆತ್ತಿ, "ಸೊಕ್ಕಲ್ಲಮ್ಮಾ" ಎಂದ. "ಆ ಹೆಸರು ಇವನದ್ದಲ್ಲ. ಇವನ ಅಣ್ಣ ಆಗ್ಲೇ ತಗೊಂಡಿದಾನೆ."

ಮೂರು ಹೊತ್ತೂ ಮಾತಾಡುವ ಅಮೊಂಗಿನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕಿ ಮಗನ ಮುಖ ನೋಡಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಎದ್ದು, ಹೆಂಡದ ಸೋರೆಬುರುಡೆಯೊಂದಿಗೆ ಗುಡಿಸಲ ಹಿಂದಕ್ಕೆ ನಡೆದಳು. ನಾವೂ ಹಿಂದೆ ಹೋದೆವು. ಅವಳು ಬೆರಳದ್ದಿ, ಬಗ್ಗಿ, ಮೊದಲ ಕೂಸನ್ನು ಹೂತ ಆ ಪುಟ್ಟ ಮಣ್ಣುಗುಡ್ಡೆಯ ಮೇಲೆ ಇಟ್ಟು, "ಎಜೋಕು" ಎಂದಳು.

ಎಕ್ವಾರು ಅತ್ತದ್ದು ಆಗ. ಒಂದೂವರೆ ವರ್ಷ ಅಳದೆ ಉಳಿದವನು, ನೆಲಕ್ಕೆ ಬಿದ್ದು, ಮಗನನ್ನು ಹೆಸರು ಹಿಡಿದು ಕರೆಕರೆದು ಅತ್ತ.