ದೊಡ್ಡಪ್ಪನ ಹೊಟ್ಟೆ, ಅಪ್ಪನ ಹೊಟ್ಟೆ

ನನ್ನ ದೊಡ್ಡಪ್ಪನಿಗೆ ಜೀವಮಾನದಲ್ಲಿ ಒಬ್ಬನ ಮೇಲೆ ಮಾತ್ರ ಹೊಟ್ಟೆಕಿಚ್ಚು. ಆ ಒಬ್ಬ ನಮ್ಮಪ್ಪ. ಇದು ನನ್ನ ಊಹೆಯಲ್ಲ. ಕೆಲಸದಿಂದ ನಿವೃತ್ತನಾದ ವರ್ಷ ದೊಡ್ಡಪ್ಪನೇ ನನ್ನನ್ನು ಕೂರಿಸಿಕೊಂಡು ಹೇಳಿದ್ದು.

ಇಬ್ಬರೂ ಷಡ್ಡಕರು. ಅಕ್ಕನನ್ನು ದೊಡ್ಡಪ್ಪ ಮದುವೆಯಾದ, ತಂಗಿಯನ್ನು ಅಪ್ಪ. ಅಪ್ಪ ಲಿಫ್ಟ್ ರಿಪೇರಿಯವನು. ಐದನೇ ಮಹಡಿಯಲ್ಲಿ ಮಾತಾಡಿದರೆ ಕೆಳಗೆ ರಸ್ತೆಯಲ್ಲಿ ಕೇಳಿಸುವಂಥ ದನಿ. ದೊಡ್ಡಪ್ಪ ಮೆಡಿಕಲ್ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ಸಾಕುತ್ತಿದ್ದ. ಕಾಲೇಜಿನ ಹಿಂಭಾಗದಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಗೆ ಸಾಲುಸಾಲು ಪಂಜರ, ಮರದ ಹೊಟ್ಟಿನ ವಾಸನೆ. ಅಲ್ಲಿ ಎಲ್ಲರಿಗೂ ಅವನು ಇಲಿಮಾವ. ಇಪ್ಪತ್ತಾರು ವರ್ಷದಲ್ಲಿ ಒಂದು ಇಲಿಯೂ ಅವನನ್ನು ಕಚ್ಚಿರಲಿಲ್ಲ. "ಕಚ್ಚೋದೇನಿದ್ರೂ ನೆಂಟರು," ಎನ್ನುತ್ತಿದ್ದ.

ಮೂವತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಅಪೆಂಡಿಕ್ಸ್ ಒಡೆದಿತ್ತು. ಹೊಟ್ಟೆ ತೆರೆದು, ತೊಳೆದು, ಹೊಲಿದು ಕಳಿಸಿದರು. ಹೊರಗಿನ ಗಾಯ ಚೆನ್ನಾಗಿ ಮಾಯಿತು. ಒಳಗೆ ಮಾತ್ರ ಕರುಳು ಕರುಳಿಗೆ, ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿತು. ಎರಡು ವರ್ಷದ ಮೇಲೆ ಒಂದು ದಿನ ಆ ಅಂಟಿನಲ್ಲಿ ಕರುಳು ಸಿಕ್ಕಿಕೊಂಡು, ಹೊಟ್ಟೆ ಉಬ್ಬಿ, ಹಸಿರು ವಾಂತಿ ಶುರುವಾಯಿತು. ಮತ್ತೆ ಕೊಯ್ದು ಬಿಡಿಸಿದರು. ಬಿಡಿಸಿದ ಜಾಗದಲ್ಲೇ ಹೊಸ ಅಂಟು. ಹೀಗೆ ಒಟ್ಟು ಮೂರು ಸಲ. ಆಮೇಲೆ ದೊಡ್ಡಪ್ಪನ ಊಟವೆಂದರೆ ಮೆತ್ತಗೆ ಬೇಯಿಸಿದ್ದು ನಾಲ್ಕು ತುತ್ತು, ಅದನ್ನೂ ಕಣ್ಣು ಮುಚ್ಚಿ ಅಗಿದು ಅಗಿದು ನುಂಗುವುದು.

ಅಪ್ಪನಿಗೂ ಮೂವತ್ತೆಂಟರಲ್ಲಿ ಕರುಳು ತೂತಾಗಿ ಹೊಟ್ಟೆ ಕೊಯ್ದರು. ಅದೇ ಆಸ್ಪತ್ರೆ, ಅಷ್ಟೇ ಉದ್ದದ ಹೊಲಿಗೆ. ಅಪ್ಪ ಎರಡೇ ತಿಂಗಳಲ್ಲಿ ಲಿಫ್ಟಿನ ಗುಂಡಿಗೆ ಇಳಿದ. ಕಲ್ಲು ತಿಂದು ಕಲ್ಲು ಅರಗಿಸುವ ಹೊಟ್ಟೆ ಅವನದು. ತಿಂಗಳಿಗೊಮ್ಮೆ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತರೆ ಮೂರನೇ ಸಲ ಬಡಿಸಿಕೊಂಡು, ಹೊಟ್ಟೆ ತಟ್ಟಿಕೊಂಡು ಹೇಳುವನು:

"ಭಾವ, ನೀವು ಹೊಟ್ಟೆಗೆ ಹೆದರ್ತೀರ, ಅದಕ್ಕೇ ಅದು ಆಟ ಆಡಿಸುತ್ತೆ. ಹೊಟ್ಟೆ ನಮಗೆ ಹೆದರ್ಬೇಕು!"

ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪನೂ ನಗುತ್ತಿದ್ದ.

"ನಿಮ್ಮಪ್ಪ ಸಾಯ್ಲಿ ಅಂತ ಯಾವತ್ತೂ ಅಂದ್ಕೊಂಡಿಲ್ಲ ಪುಟ್ಟಿ," ಎಂದ ನನಗೆ. "ಒಂದೇ ಒಂದು ಸಲ, ಅರ್ಧ ಗಂಟೆ, ಹೊಟ್ಟೆ ಹಿಡ್ಕೊಂಡು ಒದ್ದಾಡ್ಲಿ ಅಂತ. ಅಷ್ಟೇ."

ದೊಡ್ಡಪ್ಪನಿಗೆ ಐವತ್ತೈದಾದಾಗ ಸರ್ಜರಿ ವಿಭಾಗದ ಡಾಕ್ಟರಮ್ಮ ಒಂದು ಪ್ರಯೋಗ ಹಿಡಿದರು. ನಲವತ್ತು ಇಲಿ. ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಕರುಳಿನ ಮೇಲ್ಮೈಯನ್ನು ಬಟ್ಟೆಯಿಂದ ಉಜ್ಜಿ ಹೊಲಿಯುವುದು. ಆಮೇಲೆ ಹತ್ತು ದಿನ ಅರ್ಧದಷ್ಟಕ್ಕೆ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಒಂದು ಬಾಟಲಿಗೆ ಹಳದಿ ಪಟ್ಟಿ, ಇನ್ನೊಂದಕ್ಕೆ ಹಸಿರು ಪಟ್ಟಿ. ಯಾವುದರಲ್ಲಿ ಏನಿದೆ ಎಂಬ ಚೀಟಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಡಾಕ್ಟರಮ್ಮ ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ದಿನಾ ಬೆಳಗ್ಗೆ ಸಿರಿಂಜಿನಲ್ಲಿ ಇಲಿಗಳ ಬಾಯಿಗೆ ಹಾಕಿ, ಪುಸ್ತಕದಲ್ಲಿ ಗುರುತು ಮಾಡುವ ಕೆಲಸ ದೊಡ್ಡಪ್ಪನದು.

ಯಾತಕ್ಕೆ ಇದೆಲ್ಲ ಎಂದು ಕೇಳಿದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಗಾಯ ಆದ ಕಡೆ ಒಳಗೊಳಗೇ ಒಂಥರಾ ಉರಿ ಏಳುತ್ತೆ. ಆಕ್ಸಿಜನ್‌ನಿಂದ ಹುಟ್ಟೋ ಕೆಲವು ಕಣಗಳು ಅಕ್ಕಪಕ್ಕದ್ದನ್ನೆಲ್ಲ ಸುಡ್ತಾ ಹೋಗುತ್ತವೆ. ಗಾಯ ಮುಚ್ಚೋಕೆ ಅಂತ ದೇಹ ಅಂಟಂಟು ಬಲೆ ಹಾಕುತ್ತೆ. ಅದು ನಾಲ್ಕಾರು ದಿನದಲ್ಲಿ ಕರಗಿ ಹೋಗ್ಬೇಕು. ಉರಿ ಜಾಸ್ತಿಯಾದ್ರೆ ಕರಗಲ್ಲ, ಗಟ್ಟಿಯಾಗಿ ದಾರದ ಥರ ನಿಂತುಬಿಡುತ್ತೆ. ಆ ಉರಿ ತಣಿಸೋಕೆ ಆಂಟಿಆಕ್ಸಿಡೆಂಟ್. ನಿಜವಾಗಿ ತಣಿಸುತ್ತಾ ಅಂತ ನೋಡ್ಬೇಕು."

"ನಂಗೂ ಒಂದಿಷ್ಟು ಕೊಟ್ರೆ ಆಗಲ್ವಾ ಮೇಡಂ?"

"ನಿಮಗೆ ಆಗಲೇ ಅಂಟಿಯಾಗಿದೆ. ಇದು ಬಿಡಿಸೋ ಔಷಧಿ ಅಲ್ಲ. ಕೆಲಸ ಮಾಡಿದ್ರೂ ಅಂಟೋಕೆ ಮುಂಚೆ ಕೊಟ್ರೆ ಮಾತ್ರ."

ಇಪ್ಪತ್ತನಾಲ್ಕು ವರ್ಷ ತಡ. ಅವತ್ತಿನಿಂದ ದೊಡ್ಡಪ್ಪನಿಗೆ ಇಲಿಗಳನ್ನು ಕಂಡರೂ ಹೊಟ್ಟೆ ಉರಿಯತೊಡಗಿತು. ಹಳದಿ ಪಟ್ಟಿಯ ಒಂದು ಪಂಜರದಲ್ಲಿ ನಾಲ್ಕು ಇಲಿ ಹೊಲಿಗೆಯ ಮಾರನೇ ದಿನವೇ ಎದ್ದು ಓಡಾಡುತ್ತಿದ್ದವು. ಅದರಲ್ಲೊಂದು ದಪ್ಪನೆಯದು ಉಳಿದ ಮೂರನ್ನೂ ತಳ್ಳಿ ಕಾಳಿಗೆ ಬಾಯಿ ಹಾಕುತ್ತಿತ್ತು. ಸಾಕ್ಷಾತ್ ಷಡ್ಡಕ. ಹಳದಿ ಬಾಟಲಿಯಲ್ಲೇ ಔಷಧಿ ಇದೆ ಎಂದು ದೊಡ್ಡಪ್ಪ ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟ.

ಆ ಭಾನುವಾರ ನಮ್ಮ ಮನೆಯಲ್ಲಿ ಊಟ. ಅಪ್ಪ ತನ್ನ ತಟ್ಟೆ ಖಾಲಿ ಮಾಡಿ, ದೊಡ್ಡಪ್ಪ ಬಿಟ್ಟದ್ದನ್ನೂ ಎಳೆದುಕೊಂಡು, "ದಂಡ ಯಾಕೆ ಮಾಡೋದು, ಕೊಡಿ ಭಾವ," ಎಂದ. ನನಗೂ ನೆನಪಿದೆ. ಇಂಥದ್ದು ಎಷ್ಟೋ ಸಲ ಆಗಿತ್ತು. ಅವತ್ತು ಮಾತ್ರ ಸಹಿಸಲಾಗಲಿಲ್ಲವಂತೆ.

ಸೋಮವಾರ ಬೆಳಗ್ಗೆ ಆ ನಾಲ್ಕು ಇಲಿಗಳ ಪಾಲನ್ನು ದೊಡ್ಡಪ್ಪ ಸಿಂಕಿಗೆ ಚೆಲ್ಲಿದ. ಪುಸ್ತಕದಲ್ಲಿ ಕೊಟ್ಟಿದ್ದೇನೆಂದು ಗುರುತು ಹಾಕಿದ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಗುರುವಾರ ಪಂಜರದ ಬಾಗಿಲು ತೆಗೆದರೆ ದಪ್ಪ ಇಲಿ ತಾನಾಗಿ ಮುಂದೆ ಬಂದು, ಅವನ ಹೆಬ್ಬೆರಳಿನ ಮೇಲೆ ಕಾಲಿಟ್ಟು ಮೂತಿ ಎತ್ತಿತು. ದೊಡ್ಡಪ್ಪನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವತ್ತಿನಿಂದ ಸರಿಯಾಗಿ ಹಾಕಿದ. ಆದರೆ ಯಾರಿಗೂ ಹೇಳಲಿಲ್ಲ.

ಹದಿಮೂರನೇ ದಿನ ಡಾಕ್ಟರಮ್ಮ ಪುಸ್ತಕ ತಿರುವಿ ನೋಡಿ, "ನಾಳೆ ಎಲ್ಲವನ್ನೂ ತೆರೆದು ನೋಡ್ತೀನಿ. ನಿಮ್ಮ ಕೈಬರಹ ಇದ್ರೆ ನಂಗೆ ಇನ್ನೊಂದು ಸಲ ನೋಡೋ ಕೆಲಸನೇ ಇಲ್ಲ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಹೊಗಳಿಕೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟ.

ಡಾಕ್ಟರಮ್ಮ ಪುಸ್ತಕ ಮುಚ್ಚಿಟ್ಟರು.

"ಯಾಕೆ ಹೀಗೆ ಮಾಡಿದ್ರಿ?"

"ಹೊಟ್ಟೆಕಿಚ್ಚಿಗೆ."

"ಇಲಿ ಮೇಲಾ?"

"ನನ್ನ ಷಡ್ಡಕನ ಮೇಲೆ ಮೇಡಂ."

ಅವರು ನಗಲಿಲ್ಲ. "ನಾಳೆ ಯಾರದೋ ಹೊಟ್ಟೆಗೆ ಈ ಔಷಧಿ ಹೋಗ್ಬೋದು. ಅವರು ನಂಬೋದು ನನ್ನನ್ನ. ನಾನು ನಂಬಿದ್ದು ನಿಮ್ಮನ್ನ." ಬಾಟಲಿಗಳಿದ್ದ ಬೀರುವಿನ ಬೀಗದ ಕೈ ವಾಪಸು ಇಸಿದುಕೊಂಡರು. ದೊಡ್ಡಪ್ಪನ ಸರ್ವಿಸ್ ಪುಸ್ತಕದಲ್ಲಿ ಮೊದಲ ಸಲ ಕೆಂಪು ಶಾಯಿ ಬಿತ್ತು.

ಮಾರನೇ ದಿನ ಇಲಿಗಳನ್ನು ತೆರೆದಾಗ ದೊಡ್ಡಪ್ಪ ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದ. ಹಸಿರು ಪಟ್ಟಿಯವುಗಳಲ್ಲಿ ಹೆಚ್ಚಿನವಕ್ಕೆ ಕರುಳು ತೊಳೆದಿಟ್ಟಂತೆ ಬಿಡಿಬಿಡಿಯಾಗಿತ್ತು. ಆರೇಳರಲ್ಲಿ ಅಲ್ಲಲ್ಲಿ ಎಳೆ. ಹಳದಿಯವು ಬಹುಪಾಲು ಮುದ್ದೆಯಾಗಿ ಅಂಟಿದ್ದವು. ತನ್ನ ಹೊಟ್ಟೆಯೊಳಗೆ ಹೀಗಿದೆ ಎಂದು ಅವನು ಕಣ್ಣಾರೆ ಕಂಡದ್ದು ಆಗಲೇ. ಕೊನೆಗೆ ಲಕೋಟೆ ಒಡೆದರು. ಹಳದಿ ಬಾಟಲಿಯಲ್ಲಿದ್ದದ್ದು ಉಪ್ಪುನೀರು. ದೊಡ್ಡಪ್ಪ ಮೂರು ದಿನ ಸಿಂಕಿಗೆ ಚೆಲ್ಲಿದ್ದೂ ಅದನ್ನೇ.

ಆ ನಾಲ್ಕನ್ನು ಡಾಕ್ಟರಮ್ಮ ಲೆಕ್ಕದಿಂದ ಹೊರಗಿಟ್ಟಿದ್ದರು, ಆದರೂ ತೆರೆದು ನೋಡಿದರು. ಮೂರು ಅಂಟಿದ್ದವು. ದಪ್ಪ ಇಲಿಯ ಹೊಟ್ಟೆಯಲ್ಲಿ ಒಂದು ಎಳೆಯೂ ಇರಲಿಲ್ಲ.

"ಇದಕ್ಕೆ ಯಾಕೆ ಅಂಟ್ಲಿಲ್ಲ ಮೇಡಂ? ಔಷಧಿನೇ ಬಿದ್ದಿಲ್ಲವಲ್ಲ."

"ಕೆಲವಕ್ಕೆ ಅಂಟಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ."

"ಅದನ್ನ ಕೇಳಿ ಇನ್ನೂ ಉರಿದುಹೋಯ್ತು ಪುಟ್ಟಿ," ಎಂದ ದೊಡ್ಡಪ್ಪ. "ನಿಮ್ಮಪ್ಪ ಏನೋ ಒಳ್ಳೇದು ಮಾಡಿದ್ದಾನೆ, ನಾನೇನೋ ತಪ್ಪು ಮಾಡಿದ್ದೀನಿ ಅಂತಿದ್ರೆ ಒಪ್ಕೋಬೋದಿತ್ತು. ಸುಮ್ಮಸುಮ್ಮನೆ ಅಂದ್ರೆ?"

ಡಾಕ್ಟರಮ್ಮ ಇಡೀ ಪ್ರಯೋಗವನ್ನು ಮೊದಲಿನಿಂದ ಮಾಡಿದರು. ಈ ಸಲ ರಜೆಯ ದಿನವೂ ಅವರೇ ಬಂದು ಬಾಯಿಗೆ ಹಾಕಿದರು. ದೊಡ್ಡಪ್ಪ ಹೊಟ್ಟು ಬದಲಾಯಿಸಿ, ನೀರಿಟ್ಟು, ಅವರು ಬರುವ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದ. ಫಲ ಹೆಚ್ಚುಕಡಿಮೆ ಹಾಗೇ ಬಂತು. ಮನುಷ್ಯರವರೆಗೆ ಹೋಗಲು ಇನ್ನೂ ಬಹಳ ದಾರಿ ಇದೆ ಎಂದರಂತೆ.

ಮುಂದಿನ ವರ್ಷ ದೊಡ್ಡಪ್ಪನ ಕರುಳು ಮತ್ತೆ ಸಿಕ್ಕಿಕೊಂಡಿತು. ವಾರ್ಡಿನಲ್ಲಿ ಮೂಗಿಗೆ ನಳಿಕೆ, ಕೈಗೆ ಡ್ರಿಪ್, ಬಾಯಿಗೆ ಹನಿ ನೀರೂ ಇಲ್ಲ. ಎರಡು ದಿನ ನಿದ್ದೆಗೆಟ್ಟ ದೊಡ್ಡಮ್ಮನನ್ನು ಮನೆಗೆ ಕಳಿಸಿ, ಅಪ್ಪ ರಜೆ ಹಾಕಿ ಪಕ್ಕದಲ್ಲಿ ಕೂತ. ಮಧ್ಯಾಹ್ನ ಚೀಲದಿಂದ ಎರಡು ಬನ್ನು ತೆಗೆದು ಕಚ್ಚತೊಡಗಿದ.

"ಹೊರಗೆ ಹೋಗಿ ತಿನ್ನು," ಎಂದ ದೊಡ್ಡಪ್ಪ.

"ಯಾಕೆ ಭಾವ? ವಾಸನೆಗೆ ವಾಂತಿ ಬರುತ್ತಾ?"

"ಇಲ್ಲ. ಹೊಟ್ಟೆಕಿಚ್ಚಾಗುತ್ತೆ. ನಿಂಗೆ ಆಪರೇಷನ್ ಆದಾಗಿಂದ ಆಗ್ತಾನೇ ಇದೆ."

ಅಪ್ಪ ಬಾಯಲ್ಲಿದ್ದದ್ದನ್ನು ಅಗಿಯುವುದು ಮರೆತ. ಆಮೇಲೆ ಎದ್ದು ಹೊರಗೆ ಹೋಗಿ, ಕಾರಿಡಾರಿನಲ್ಲಿ ನಿಂತೇ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು ಬಂದು ಕೂತ.

"ಮೊದಲೇ ಹೇಳೋದಲ್ವಾ ಭಾವ?"

"ಹೇಳಿದ್ರೆ ತಿನ್ನೋದು ಬಿಡ್ತಿದ್ಯಾ?"

ಅಪ್ಪ ನಿಜವಾಗಿಯೂ ಯೋಚನೆ ಮಾಡಿದ. "ಇಲ್ಲ," ಎಂದ.

ನಾಲ್ಕನೇ ದಿನ ಕರುಳು ತಾನಾಗಿ ಬಿಟ್ಟುಕೊಂಡಿತು, ಚಾಕು ಬೇಕಾಗಲಿಲ್ಲ. ಮನೆಗೆ ಹೋಗುವಾಗ ಅಪ್ಪನೇ ಚೀಲ ಹೊತ್ತ. ಈಗಲೂ ತಿಂಗಳಿಗೊಮ್ಮೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಅಪ್ಪ ಮೂರನೇ ಸಲ ಬಡಿಸಿಕೊಳ್ಳುತ್ತಾನೆ. "ಉರೀತು ನೋಡು," ಎನ್ನುತ್ತಾನೆ ದೊಡ್ಡಪ್ಪ, ಎಲ್ಲರಿಗೂ ಕೇಳುವ ಹಾಗೆ.