ಬಾಯಿ ಕಟ್ಟಿದ ಚೀಲದ ದರ

ಈ ಹೊಟ್ಟೆಕಿಚ್ಚಿನ ಕಥೆಯಲ್ಲಿ ನಾನು ತೆತ್ತ ಮೊದಲ ಬೆಲೆ ನಾಲ್ಕು ಸಾವಿರದ ಇನ್ನೂರು ರೂಪಾಯಿ. ಅಷ್ಟು ಕೊಟ್ಟು ವಿಜಯಪುರದಲ್ಲಿ ಒಂದು ಕಪ್ಪು ಬ್ಲೇಜರ್ ಕೊಂಡೆ. ಅಂಗಡಿಯವನು ಆರೂವರೆ ಸಾವಿರ ಹೇಳಿದ್ದ. ನಾನು ಎರಡು ಸಲ ಎದ್ದು ಹೋದಂತೆ ಮಾಡಿದೆ. ಎರಡನೆಯ ಸಲ ನಿಜವಾಗಿಯೂ ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವನು ದಾರಿಗೆ ಬಂದ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ ಬ್ಲೇಜರ್ ಕೊಳ್ಳುವವನು ಮದುಮಗನೇ ಆಗಿರಬೇಕು. ನಾನಂತೂ ಎರಡು ಮಕ್ಕಳ ತಂದೆ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ಇಲೆಕ್ಟ್ರಾನಿಕ್ಸ್ ರಿಪೇರಿ ಮಾಡಿ, ಊರು ಇಂಡಿಗೆ ಮರಳಿ, ಹೊರಗಿನ ಜಗತ್ತಿನ ಮೊದಲ ಸಂದರ್ಶನಕ್ಕೆ ಹೊರಟಿದ್ದೆ. ಅಷ್ಟು ವರ್ಷ ಸರ್ಕಾರ ಕೊಟ್ಟ ಬಟ್ಟೆ ತೊಟ್ಟವನಿಗೆ ಸ್ವಂತ ಬಟ್ಟೆ ಆರಿಸುವುದು ತಿಳಿಯುವುದಿಲ್ಲ. ಅದಕ್ಕೇ ಅಂಗಡಿಯ ಬೊಂಬೆಗೆ ಹಾಕಿದ್ದನ್ನೇ ಬಿಚ್ಚಿಸಿಕೊಂಡು ಬಂದೆ.

ಅದೇ ಸಂದರ್ಶನಕ್ಕೆ ಗುರುಪಾದನೂ ಬಂದಿದ್ದ. ಬಸವನ ಬಾಗೇವಾಡಿಯವನು, ವಾಯುಪಡೆಯಲ್ಲಿ ನನ್ನದೇ ಕೆಲಸ, ನನ್ನದೇ ಬೆಂಚು, ಎಷ್ಟೋ ಸಲ ನನ್ನದೇ ಸೋಲ್ಡರಿಂಗ್ ಕಡ್ಡಿ. ಇಬ್ಬರೂ ಒಂದೇ ವರ್ಷ ಹೊರಬಿದ್ದವರು. ಅವನು ತೊಟ್ಟಿದ್ದು ಅರ್ಧ ತೋಳಿನ ಅಂಗಿ.

"ಏನಲೇ ದೋಸ್ತ, ಯಾರದರ ಲಗ್ನ ಐತೇನು?" ಎಂದ ನನ್ನ ಬ್ಲೇಜರ್ ನೋಡಿ.

ಕೆಲಸ ಏನೆಂದರೆ, ಆಸ್ಪತ್ರೆಯ ಯಂತ್ರಗಳನ್ನು ಮಾರುವ ಕಂಪನಿಯೊಂದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕು ಸುತ್ತಿ ರಿಪೇರಿ ಮಾಡುವ ಒಬ್ಬ ಮನುಷ್ಯ ಬೇಕಾಗಿದ್ದ. ಒಬ್ಬನೇ.

ನನ್ನನ್ನು ಮೊದಲು ಕರೆದರು. ನನ್ನ ಅರ್ಜಿಯ ತುಂಬ ವಾಯುಪಡೆಯ ಸಂಕ್ಷೇಪಾಕ್ಷರಗಳು. ಕಂಪನಿಯ ಸಾಹೇಬರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕೆಳಗಿಟ್ಟರು.

"ನೀವು ಅಲ್ಲಿ ಏನ್ ಕೆಲಸ ಮಾಡ್ತಿದ್ರಿ?"

"ಅದನ್ನ ಹೇಳೂ ಹಂಗಿಲ್ರಿ ಸರ್."

"ಯಾವ ವಿಮಾನ?"

"ಅದನ್ನೂ ಹೇಳೂ ಹಂಗಿಲ್ರಿ."

ಆ ವಿಮಾನವನ್ನು ಪ್ರತಿ ಗಣರಾಜ್ಯೋತ್ಸವದಂದು ಟೀವಿಯಲ್ಲಿ ಹೆಸರು ಸಮೇತ ತೋರಿಸುತ್ತಾರೆ. ಆದರೆ ಬಾಯಿಗೆ ಬಿದ್ದ ಬೀಗ ಬೀಗವೇ. ಸಾಹೇಬರು ಕನ್ನಡಕ ತೆಗೆದರು. "ಮತ್ತ ಪಗಾರ ಎಷ್ಟ್ ಬೇಕು ಅಂತೀರಿ?"

"ಅದನ್ನ ಹೇಳಬಹುದ್ರಿ," ಎಂದು ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ.

ಚೌಕಾಶಿಯಲ್ಲಿ ನಾನು ಯಾರಿಗೂ ಸೋತವನಲ್ಲ. ಅರ್ಧ ಗಂಟೆ ವಾದಿಸಿ ಸಾಹೇಬರನ್ನು ಅವರ ಲೆಕ್ಕಕ್ಕಿಂತ ಸಾಕಷ್ಟು ಮೇಲಕ್ಕೆ ಎಳೆದು ತಂದೆ. ಬೆವರು ಒರೆಸಿಕೊಳ್ಳುತ್ತ ಗೆದ್ದವನಂತೆ ಹೊರಬಂದೆ. ಆ ಪಗಾರ ಗುರುಪಾದನಿಗೆ ಸಿಕ್ಕಿತು.

ಹೇಗೆಂದು ಅವನೇ ಚಹಾದಂಗಡಿಯಲ್ಲಿ ಹೇಳಿದ. "ನಾ ಏನೂ ಗುಟ್ಟು ಹೇಳಲಿಲ್ಲ ಮಾರಾಯಾ. ಪೈಲಟ್ ಮ್ಯಾಗ ಮಾತಾಡಿದ್ದು ಕೆಳಗ ಕೇಳಬೇಕು, ಕೆಳಗ ಹೇಳಿದ್ದು ಮ್ಯಾಗ ಕೇಳಬೇಕು. ಕೇಳದಿದ್ರ ನನ್ನ ಕರೀತಿದ್ರು, ಅಂದೆ. ನಮ್ಮ ಅವ್ವಗ ಹಿಂಗ ಹೇಳಿ ಹೇಳಿ ರೂಢಿ ಆಗೈತಿ. ಆಕಿ ತೊಗರಿ ಹಸನ ಮಾಡಕೋತ ಕೇಳ್ತಿದ್ಲು. ತಿಳೀಲಿಲ್ಲಂದ್ರ ಮೊರ ಕೆಳಗ ಇಡ್ತಿದ್ಲು, ನಾ ಮತ್ತ ಸರಳ ಮಾಡಿ ಹೇಳ್ತಿದ್ದೆ."

ನಾನು ಇಂಡಿಯಲ್ಲಿ ಅಂಗಡಿ ತೆರೆದೆ. ಪಂಪ್‌ಸೆಟ್ಟಿನ ಸ್ಟಾರ್ಟರು, ಇನ್ವರ್ಟರು, ಸೋಲಾರ್ ಪಂಪಿನ ಕಂಟ್ರೋಲರು. ಮೊದಲ ಗಿರಾಕಿ "ಎಷ್ಟಾಗ್ತದ್ರಿ?" ಎಂದಾಗ ತಬ್ಬಿಬ್ಬಾದೆ. ಕೋಟಿ ಬಾಳುವ ಪೆಟ್ಟಿಗೆಗಳನ್ನು ಬಿಚ್ಚಿ ಮುಚ್ಚಿದವನಿಗೆ ಒಮ್ಮೆಯೂ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೊಳ್ಳುವ ಚೌಕಾಶಿ ಬೇರೆ, ಮಾರುವ ಚೌಕಾಶಿ ಬೇರೆ. ಅದನ್ನೂ ಕಲಿತೆ. ಮಜೂರಿಯ ಅರ್ಧಕ್ಕೆ ನಿಂಬೆಹಣ್ಣು ಕೊಡುತ್ತೇನೆಂದವರಿಗೆ ಹೂಂ ಅಂದು, ಚೀಲದ ಮೇಲಿನ ಹಣ್ಣು ನೋಡದೆ ತಳದ ಹಣ್ಣು ತೆಗೆಸಿ ನೋಡುವಷ್ಟು ಜಾಣನಾದೆ. ವರ್ಷ ಕಳೆಯುವುದರೊಳಗೆ ಗುರುಪಾದನ ಪಗಾರಕ್ಕಿಂತ ನನ್ನ ಗಳಿಕೆ ಒಂದು ಕೈ ಮೇಲೇ ಇತ್ತು. ಹಾಗಿದ್ದೂ ಉರಿ ಆರಲಿಲ್ಲ.

ಈ ಉರಿಯ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಸ್ಪೀಕರಿಗೆ ಜೋಡಿಸಿದ ಎರಡು ಯಂತ್ರಗಳಿಗೆ ಬೇರೆ ಬೇರೆ ಕಡೆ ಅರ್ಥಿಂಗ್ ಕೊಟ್ಟು, ನಡುವೆ ಒಂದು ತಂತಿ ಎಳೆದು ನೋಡಿ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಯಂತ್ರಗಳೆರಡೂ ಸರಿಯಾಗಿಯೇ ಇರುತ್ತವೆ. ಒಂದರ ನೆಲಕ್ಕೂ ಇನ್ನೊಂದರ ನೆಲಕ್ಕೂ ಕೂದಲೆಳೆಯಷ್ಟು ಏರುಪೇರು, ಅಷ್ಟೇ. ತಂತಿ ಕಿತ್ತರೆ ಸದ್ದಿಲ್ಲ. ಹೊಟ್ಟೆಕಿಚ್ಚೂ ಹೀಗೆಯೇ. ವಿಮಾನದ ಕಂಪನಿಯನ್ನೇ ಕೊಂಡ ಶ್ರೀಮಂತನ ಮೇಲೆ ನನಗೆ ಏನೂ ಇಲ್ಲ. ಅವನಿಗೂ ನನಗೂ ತಂತಿಯೇ ಇಲ್ಲ. ಗುರುಪಾದನಿಗೂ ನನಗೂ ಇಪ್ಪತ್ತು ವರ್ಷದ ದಪ್ಪ ತಂತಿ. ಅವನು ಮುದ್ದೇಬಿಹಾಳದಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ತೂಗಿಸಿಕೊಂಡು ಫೋಟೋ ಹಾಕಿದರೆ ಇಂಡಿಯಲ್ಲಿ ನನ್ನೊಳಗೆ ಗುಂಯ್ ಎನ್ನುತ್ತಿತ್ತು.

"ಅಲ್ರೀ, ಎಷ್ಟ ಸಲ ನೋಡ್ತೀರಿ ಗುರುಪಾದಣ್ಣನ ಫೋಟೋ?" ಎಂದಳು ನನ್ನ ಹೆಂಡತಿ ಮಹಾದೇವಿ. "ಲಗ್ನಕ್ಕ ಮೊದಲ ನನ್ನ ಫೋಟೋನ ಇಷ್ಟ ನೋಡಿದ್ರೋ ಇಲ್ಲೋ."

ಒಂದು ದಿನ ಬಿಡಿಭಾಗ ತರಲು ಸಿಂದಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಗುರುಪಾದ ಸಿಕ್ಕ. "ಬಾರಲೇ, ಒಂದ್ ಕೈ ಹಿಡಿ," ಎಂದು ಹತ್ತಿರದ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದ. ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರವೊಂದು ಬಿಸಿಯಾಗುತ್ತ, ಆರುತ್ತ ಆಟ ಹೂಡಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಮೊಮ್ಮಗುವನ್ನು ದುಪ್ಪಡಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದಳು. ಕೂಸಿಗಿನ್ನೂ ತೂಕ ಬಂದಿರಲಿಲ್ಲ.

ನಾವಿಬ್ಬರೂ ಮುಚ್ಚಳ ಬಿಚ್ಚಿದೆವು. ಅವನು ಆ ತುದಿಯಿಂದ, ನಾನು ಈ ತುದಿಯಿಂದ ತಂತಿ ಹಿಡಿದು ಬಂದೆವು. ವಿಮಾನದ ಪಕ್ಕದಲ್ಲಿ ಮಾಡುತ್ತಿದ್ದುದು ಇದನ್ನೇ. ನಡುವೆ ಒಂದು ಕನೆಕ್ಟರಿನ ಪಿನ್ನು ಸಡಿಲವಾಗಿತ್ತು. ಸರಿಮಾಡಿದ ಮೇಲೆ, ಮುಚ್ಚಳ ಹಾಕುವ ಮೊದಲು, ಇಬ್ಬರೂ ಒಟ್ಟಿಗೇ ಹತಾರಗಳನ್ನು ಎಣಿಸತೊಡಗಿದೆವು. ನರ್ಸ್ ನಕ್ಕಳು.

"ಏನ್ರಿ ಅಣ್ಣಾರ, ನಾ ಏನ್ ಕದ್ದಿಲ್ರಿ."

"ಹಂಗಲ್ಲವ್ವಾ ತಂಗಿ," ಎಂದ ಗುರುಪಾದ. "ಒಂದ್ ಸ್ಕ್ರೂಡ್ರೈವರ್ ಒಳಗ ಉಳೀತಂದ್ರ ವಿಮಾನ ಬಿಡ್ತಿದ್ದಿಲ್ಲ ನಾವು."

ದೀಪ ಹತ್ತಿತು, ಯಂತ್ರ ಬಿಸಿಯಾಯಿತು, ನರ್ಸ್ ಕೂಸನ್ನು ಇಟ್ಟಳು. ಅದು ಕೈಕಾಲು ಸಡಿಲ ಬಿಟ್ಟಿತು. ಮುದುಕಿ ಗುರುಪಾದನ ತಲೆಯ ಮೇಲೆ ಕೈ ಇಟ್ಟು, ನನ್ನ ಕಡೆ ತಿರುಗಿ ಕೇಳಿದಳು: "ನೀನೂ ಈ ಕೆಲಸದಾವೇನಪಾ?"

"ಅಲ್ಲಬೇ," ಎಂದೆ.

ಆ ಒಂದು ಮಾತು ಹೇಳಲು ನನಗೆ ಬ್ಲೇಜರಿಗಿಂತ ಹೆಚ್ಚು ಖರ್ಚಾಯಿತು. ಪಗಾರ, ಗುರುತಿನ ಚೀಟಿ ಇವೆಲ್ಲ ಮೇಲಿನ ನಿಂಬೆಹಣ್ಣು. ತಳದಲ್ಲಿ ಇದ್ದದ್ದು ಇದು. ಸ್ಟಾರ್ಟರ್ ಸರಿಹೋದರೆ ಬೆಳೆಗೆ ನೀರು ಹೋಗುತ್ತದೆ, ಅದು ಸಣ್ಣದಲ್ಲ. ಆದರೆ ಕೆಲಸ ಮುಗಿದ ಮೇಲೆ ಒಂದು ಜೀವ ಅದರ ಮೇಲೆ ಮಲಗುತ್ತದಲ್ಲ, ಆಗ ಬೆನ್ನಿನಲ್ಲಿ ಹಾಯುವ ತಣ್ಣನೆಯ ಭಯ ನನಗೆ ಬೇಕಾಗಿತ್ತು. ರನ್‌ವೇ ಬಿಟ್ಟ ಮೇಲೆ ಅದು ನನಗೆ ಸಿಕ್ಕಿರಲಿಲ್ಲ.

ಮರಳುವಾಗ ಸಿಂದಗಿಯ ಮಾರುಕಟ್ಟೆಯಲ್ಲಿ ಒಬ್ಬ ದಲಾಲಿ ಜೋಳದ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈಯಿಂದ ಅಂಗೈಗೆ ಸುರಿದುಕೊಳ್ಳುತ್ತಿದ್ದ. ಮಾರುವವನು ದರದ ಮಾತೇ ಎತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚಿ ಸುಮ್ಮನೆ ನಿಂತಿದ್ದ. ಇಡೀ ಇಂಡಿಗೆ ಚೌಕಾಶಿ ಕಲಿಸುವ ನಾನು ವಿಜಯಪುರದ ಆ ಸಂದರ್ಶನದಲ್ಲಿ ಬಾಯಿ ಕಟ್ಟಿದ ಚೀಲದ ಮೇಲೆ ಕುಳಿತು ದರ ಕೇಳಿದ್ದೆ.

ಮೂರು ತಿಂಗಳಾದ ಮೇಲೆ ಗುರುಪಾದನ ಫೋನು. ನಾಲ್ಕು ತಾಲ್ಲೂಕು ಒಬ್ಬನಿಗೆ ಆಗುತ್ತಿಲ್ಲ, ಇಂಡಿ ಮತ್ತು ಸಿಂದಗಿಗೆ ಇನ್ನೊಬ್ಬನನ್ನು ತೆಗೆದುಕೊಳ್ಳುತ್ತಾರೆ. "ನಿನ್ನ ಹೆಸರ ಹೇಳೇನಿ. ಆ ಕರೇ ಕೋಟ್ ಹಾಕ್ಕೊಂಡ್ ಬರಬ್ಯಾಡ." ಅವನ ಉಪಕಾರಬುದ್ಧಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾನಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಸಂದರ್ಶನದ ತಾಲೀಮಿಗೆ ಮಹಾದೇವಿಯನ್ನೇ ಹಿಡಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಸಂಕೇತ, ಆವರ್ತನ, ಪರೀಕ್ಷಾ ಬೆಂಚು ಎಂದು ಶುರುಮಾಡಿದೆ. ಆಕೆ ಒಲೆಯ ಮೇಲಿನ ಹಾಲು ನೋಡಲು ಎದ್ದಳು. ಮರುದಿನ ಮತ್ತೆ ಹೇಳಿದೆ, ಮತ್ತೆ ಹಾಲು. ಮೂರನೆಯ ದಿನ ಸೋತು ಹೇಳಿದೆ: "ನೋಡು, ಮ್ಯಾಗ ಮೋಡದಾಗ ವಿಮಾನ ಹಾರಸೂ ಹುಡುಗಗ ಏನೂ ಕಾಣಂಗಿಲ್ಲ. ನೆಲ ಯಾವ ಕಡೆ, ಮನಿ ಯಾವ ಕಡೆ ಅಂತ ಹೇಳೂದು ಒಂದ ಪೆಟಗಿ. ಅದು ಸುಳ್ಳ ಹೇಳಬಾರದು. ಹೇಳದಂಗ ನೋಡಕೋತಿದ್ದೆ."

ರೊಟ್ಟಿ ಬಡಿಯುವ ಕೈ ನಿಂತಿತು. "ಸುಳ್ಳ ಹೇಳಿದ್ರ?"

"ಹೇಳಿಲ್ಲ. ನನ್ನ ಕೈಯಾಗಿನ ಒಂದೂ ಹೇಳಿಲ್ಲ."

ಆಕೆ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಇಷ್ಟ ವರ್ಷ ನೀವು ಅಲ್ಲಿ ರೇಡಿಯೋ ರಿಪೇರಿ ಮಾಡ್ತೀರಿ ಅಂತ ಮಂದಿಗೆ ಹೇಳಕೋತ ಬಂದೇನಲ್ರಿ. ನನಗರ ಯಾಕ ಹೇಳಲಿಲ್ಲ?" ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಅದನ್ನು ನಾನೇ ತಿಂದೆ.

ಅದೇ ಸಾಹೇಬರು, ಅದೇ ಕುರ್ಚಿ. ರೊಟ್ಟಿಯ ಮುಂದೆ ಹೇಳಿದ್ದನ್ನೇ ಹೇಳಿದೆ. ಅವರು ಕನ್ನಡಕ ತೆಗೆಯಲಿಲ್ಲ. ಒಂದು ಪ್ರಶ್ನೆ ಕೇಳಿದರು, ಇನ್ನೊಂದು ಕೇಳಿದರು. ಪಗಾರದ ಮಾತನ್ನು ಅವರೇ ಎತ್ತಿದರು, ನಾನು ಸ್ವಲ್ಪವೇ ಎಳೆದೆ. ಈಗ ಇಂಡಿ, ಸಿಂದಗಿ ನನ್ನವು. ಅಂಗಡಿ ಸಂಜೆಗೆ ಮಾತ್ರ. ಗುರುಪಾದನ ಪಾಲಿಗೆ ಮುದ್ದೇಬಿಹಾಳ, ಬಾಗೇವಾಡಿ. ಅವನ ಕಡೆಯ ರಸ್ತೆಗಳು ನನ್ನವುಗಳಿಗಿಂತ ಚೆನ್ನಾಗಿವೆ ಎಂದು ಈಚೆಗೆ ತಿಳಿದುಬಂದಿದೆ. ಸದ್ದು ಪೂರ್ತಿ ನಿಂತಿಲ್ಲ. ತಂತಿ ಕೀಳಲು ಮನಸ್ಸಿಲ್ಲ, ಅದಕ್ಕೇ ಇರಲಿ ಎಂದು ಬಿಟ್ಟಿದ್ದೇನೆ.

ನೀವೂ ಸಮವಸ್ತ್ರ ಕಳಚಿ ಬರುವವರಾಗಿದ್ದರೆ ನನ್ನ ಸಲಹೆ ಇಷ್ಟು. ಬ್ಲೇಜರ್ ಕೊಳ್ಳಬೇಡಿ, ಬೇಕೇ ಬೇಕೆಂದರೆ ನನ್ನದಿದೆ, ಒಂದೇ ಸಲ ತೊಟ್ಟದ್ದು, ಎರಡು ಸಾವಿರಕ್ಕೆ ಕಮ್ಮಿ ಮಾತಾಡಬೇಡಿ. ಅರ್ಜಿಯಿಂದ ಸಂಕ್ಷೇಪಾಕ್ಷರಗಳನ್ನೆಲ್ಲ ಹೊಡೆದು ಹಾಕಿ. ಗುಟ್ಟು ಗುಟ್ಟಾಗಿಯೇ ಇರಲಿ; ನಿಮ್ಮ ಕೆಲಸದಿಂದ ಯಾರಿಗೆ ಏನಾಗುತ್ತಿತ್ತು ಎಂಬುದು ಗುಟ್ಟಲ್ಲ. ಅದನ್ನು ಮೊದಲು ಮನೆಯಲ್ಲಿ ಹೇಳಿ ನೋಡಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು. ಕೇಳುವವರು ಹಾಲು ನೋಡಲು ಎದ್ದರೆ ನೀವಿನ್ನೂ ತಯಾರಾಗಿಲ್ಲ. ರೊಟ್ಟಿ ಸೀದರೆ ಮಾರನೆಯ ದಿನವೇ ವಿಜಯಪುರದ ಬಸ್ಸು ಹಿಡಿಯಿರಿ.